ಉಗುರಿನ ಫಂಗಸ್‌ಗೆ ಅಮೊರಾಲ್ಫಿನ್: 14 ತಿಂಗಳು ಹಚ್ಚಿದವನ ಅನುಭವ

ಮಳೆಗಾಲದಲ್ಲಿ ಅಡಿಕೆ ತೋಟದವರ ಕಾಲು ಬೂಟಿನೊಳಗೇ ನೆನೆದು ಬೆಂದುಹೋಗುತ್ತೆ. ನನ್ನ ಬಲಗಾಲಿನ ಹೆಬ್ಬೆರಳ ಉಗುರು ತುದಿಯಿಂದ ಹಳದಿಯಾಗಿ, ದಪ್ಪಗಾಗಿ, ಅಡಿಯಿಂದ ಸುಣ್ಣದಂಥ ಪುಡಿ ಉದುರೋಕೆ ಶುರುವಾಯ್ತು. ಉಗುರುಸುತ್ತು ಅಂತ ಅಮ್ಮ ನಿಂಬೆಹಣ್ಣು ಸಿಕ್ಕಿಸಿದರು. ನೋವಿಲ್ಲ, ಕೀವಿಲ್ಲ, ಅದೆಂತ ಉಗುರುಸುತ್ತು! ಆಮೇಲೆ ಮೆಡಿಕಲ್‌ನವರು ಕೊಟ್ಟ ಟ್ಯೂಬು ಎರಡು ತಿಂಗಳು ತಿಕ್ಕಿದೆ. ಚರ್ಮಕ್ಕೆ ಹಚ್ಚೋ ಮುಲಾಮು ಗಟ್ಟಿ ಉಗುರಿನೊಳಗೆ ಇಳಿಯೋದು ಕಷ್ಟ ಅಂತ ಆಗ ಗೊತ್ತಿರಲಿಲ್ಲ.

ಚರ್ಮದ ಡಾಕ್ಟ್ರು ಉಗುರು ಕೆರೆದು, ಫಂಗಸ್ ಇದೆಯಾ ಅಂತ ನೋಡೋ ಕೆಓಎಚ್ ಪರೀಕ್ಷೆ ಮಾಡಿಸಿ, ಅಮೊರಾಲ್ಫಿನ್ 5% ಲ್ಯಾಕರ್ ಬರೆದರು, ನೇಲ್ ಪಾಲಿಶ್ ಥರ ಬಳಿಯೋ ಔಷಧಿ. ಬುಡಕ್ಕೆ ಹೋಗಿಲ್ಲ, ಅರ್ಧಕ್ಕಿಂತ ಕಮ್ಮಿ ಹಾಳಾಗಿದೆ, ಹಚ್ಚಿದರೆ ಸಾಕು ಅಂದರು. ಬುಡ ಮುಟ್ಟಿದ್ದರೆ ಟರ್ಬಿನಾಫಿನ್ ಮಾತ್ರೆ ನುಂಗಬೇಕಿತ್ತಂತೆ, ಅದಕ್ಕೆ ಮೊದಲು ಲಿವರ್ ಪರೀಕ್ಷೆ ಬೇರೆ.

ವಾರಕ್ಕೊಂದು ಸಲ, ಶನಿವಾರ ರಾತ್ರಿ. ಅರದಿಂದ ಉಗುರಿನ ಮೇಲ್ಮೈ ತೆಳ್ಳಗೆ ಉಜ್ಜಬೇಕು, ಸ್ಪಿರಿಟ್ ಹತ್ತಿಯಲ್ಲಿ ಒರೆಸಬೇಕು, ಲ್ಯಾಕರ್ ಬಳಿದು ಐದು ನಿಮಿಷ ಕಾಲು ಚಾಚಿ ಕೂರಬೇಕು. ಕೆಲಸವೆಲ್ಲ ಇರೋದು ಉಜ್ಜೋದರಲ್ಲೇ. ನಾನು ಮೊದಮೊದಲು ಉಜ್ಜದೇ ಬಳಿದು ಅರ್ಧ ಶೀಶೆ ದಂಡ ಮಾಡಿದೆ. ಸಕ್ಕರೆ ಕಾಯಿಲೆಯವರು ಮಾತ್ರ ಅರ ಹಿಡಿಯೋ ಮೊದಲು ಡಾಕ್ಟ್ರನ್ನ ಕೇಳಿ.

ಹಾಳಾದ ಉಗುರನ್ನ ಈ ಔಷಧಿ ರಿಪೇರಿ ಮಾಡಲ್ಲ. ಫಂಗಸ್ ಕೊಂದು, ಹೊಸದಾಗಿ ಬರೋ ಉಗುರಿಗೆ ಅದು ಹತ್ತದಂತೆ ಕಾಯುತ್ತೆ, ಅಷ್ಟೇ. ಅಡಿಕೆಗೆ ಕೊಳೆರೋಗದ ಔಷಧಿ ಬೋರ್ಡೋ ಹೊಡೆದರೆ ಕೊಳೆತ ಕಾಯಿ ಮತ್ತೆ ಹಸಿರಾಗುತ್ತಾ? ಹಾಗೇ ಇದೂ. ಕಾಲುಗುರು ಬೆಳೆಯೋದು ತಿಂಗಳಿಗೆ ಒಂದು, ಒಂದೂವರೆ ಮಿಲಿಮೀಟರ್. ಮೂರು ತಿಂಗಳಿಗೆ ಹಳದಿ ಗೆರೆ ಬುಡದಿಂದ ಅರ್ಧ ಅಕ್ಕಿಕಾಳಿನಷ್ಟು ಮುಂದೆ ಸರಿದಿತ್ತು. ಸರಿಹೋಯ್ತು ಅಂತ ಕೊಯ್ಲಿನ ಗಡಿಬಿಡಿಯಲ್ಲಿ ಆರು ವಾರ ಬಿಟ್ಟೆ. ಗೆರೆ ವಾಪಸ್ ಬಂತು. ಪಕ್ಕದ ಬೆರಳಿಗೂ ಹತ್ತಿತು. ಒಳ್ಳೇ ಉಗುರಿಗೂ ಅದೇ ಅರ ಬಳಸಿದ್ದೆನಲ್ಲ.

ಮತ್ತೆ ಶುರುಮಾಡಿ ಬಿಡದೆ ಹಚ್ಚಿದೆ. ಈಗ ಹೆಬ್ಬೆರಳ ಉಗುರು ಪೂರ್ತಿ ಹೊಸದು, ಒಂದು ಮೂಲೆ ಸ್ವಲ್ಪ ಒರಟು. ಪಕ್ಕದ ಬೆರಳಿಗೆ ಇನ್ನೂ ಹಚ್ಚುತ್ತಾ ಇದ್ದೀನಿ. ಉರಿ, ತುರಿಕೆ ಯಾವತ್ತೂ ಆಗಲಿಲ್ಲ.

ಐದಕ್ಕೆ ನಾಲ್ಕು ಸ್ಟಾರ್. ಒಂದು ಕಡಿದದ್ದು ಅರಕ್ಕೆ: ನನಗೆ ಸಿಕ್ಕ ಡಬ್ಬದಲ್ಲಿದ್ದವು ಶೀಶೆ ಅರ್ಧ ಆಗೋದರೊಳಗೇ ಮುಗಿದವು. ಹೆಂಡತಿಯ ಅರ ಕೇಳಿದ್ದಕ್ಕೆ ಅವಳು ಅದನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದಳು.