ಫೀನಿಕ್ಸ್ ಕಡೆ ಇರೋರು ನೋಡ್ಕೊಳ್ಳಿ: 29 ಡಾಲರ್ ಅಂತ ಕರೆಸಿ 1,180 ಕೊಟ್ಟ ಗ್ಯಾರೇಜ್ ಬಾಗಿಲ ಕಥೆ

ಜುಲೈ ಎರಡನೇ ವಾರ, ಮಧ್ಯಾಹ್ನ ಮೂರು ಗಂಟೆ, ಫೀನಿಕ್ಸ್ ಪಕ್ಕದ ಚಾಂಡ್ಲರ್‌ನಲ್ಲಿ ಹೊರಗೆ 114 ಡಿಗ್ರಿ ಫ್ಯಾರನ್‌ಹೀಟ್, ನಮ್ಮ ಊರಿನ ಸೆಲ್ಸಿಯಸ್ ಲೆಕ್ಕದಲ್ಲಿ ಹತ್ತತ್ರ 46. ಮಗಳನ್ನ ಸ್ವಿಮ್ಮಿಂಗ್ ಕ್ಲಾಸಿಂದ ಕರ್ಕೊಂಡು ಬರಬೇಕು, ಕಾರು ಗ್ಯಾರೇಜೊಳಗೆ, ಬಟನ್ ಒತ್ತಿದ್ರೆ ಬಾಗಿಲು ಅಲ್ಲಾಡ್ತಾನೇ ಇಲ್ಲ. ಮೇಲೆ ತೂಗಾಡ್ತಿರೋ ಓಪನರ್, ಅಂದ್ರೆ ಬಾಗಿಲು ಎತ್ತಿ ಇಳಿಸೋ ಮೋಟರ್ ಡಬ್ಬಿ, ಗುಂಯ್ ಅಂತ ನಾಲ್ಕೈದು ಸೆಕೆಂಡು ಸದ್ದು ಮಾಡುತ್ತೆ, ಆಮೇಲೆ ಟಕ್ ಅಂತ ನಿಂತೋಗುತ್ತೆ. ನಮ್ಮನೆಯವ್ರು ಆಫೀಸ್ ಕೆಲಸದ ಮೇಲೆ ಬೆಂಗಳೂರಲ್ಲಿದ್ರು, ಅಲ್ಲಿ ಬೆಳಗಿನ ಜಾವ, ಫೋನ್ ಎತ್ತಲ್ಲ. ಮನೇಲಿ ಇದ್ದಿದ್ದು ತಿಪಟೂರಿಂದ ಬಂದಿದ್ದ ನಮ್ಮ ಮಾವ ಒಬ್ರೇ. ತೋಟದಲ್ಲಿ ನಲವತ್ತು ವರ್ಷ ಪಂಪ್‌ಸೆಟ್ ಜೊತೆ ಗುದ್ದಾಡಿದೋರು, ಪಂಚೆ ಎತ್ತಿ ಕಟ್ಕೊಂಡು ಅದರ ಕೆಳಗೆ ನಿಂತು ಎರಡು ಸಲ ಬಟನ್ ಒತ್ತಿಸಿ ಕೇಳಿಸ್ಕೊಂಡು, "ಕಂಡೆನ್ಸರ್ ಹೋಗಿರ್ಬೇಕು ನೋಡಮ್ಮ, ನಮ್ ಮೋಟ್ರೂ ಹಿಂಗೇ ಗುಂಯ್‌ಗುಟ್ಟೋದು" ಅಂದ್ರು. (ಕಂಡೆನ್ಸರ್ ಅಂದ್ರೆ ಮೋಟರ್ ತಿರುಗೋಕೆ ಶುರುವಾಗುವಾಗ ದೂಡಿ ಕೊಡೋ ಪುಟ್ಟ ಡಬ್ಬಿ, ಕೆಪ್ಯಾಸಿಟರ್.) ನಾನು "ಮಾವ, ಇದು ಬೋರ್‌ವೆಲ್ ಅಲ್ಲ" ಅಂತ ಹೇಳಿ ಫೋನಲ್ಲಿ ಹುಡುಕೋಕೆ ಶುರು ಮಾಡಿದೆ.

ಇಲ್ಲೊಂದು ವಿಷಯ, ಆಗ ನನಗೆ ಗೊತ್ತಿರಲಿಲ್ಲ. ಓಪನರ್‌ನಿಂದ ಒಂದು ಕೆಂಪು ಹಗ್ಗ ನೇತಾಡ್ತಿರುತ್ತಲ್ಲ, ಬಾಗಿಲು ಪೂರ್ತಿ ಮುಚ್ಚಿರುವಾಗ ಅದನ್ನ ಎಳೆದ್ರೆ ಬಾಗಿಲು ಮೋಟರ್‌ನಿಂದ ಬಿಡಿಸ್ಕೊಳ್ಳುತ್ತೆ, ಬಾಗಿಲ ತೂಕ ಹೊರೋ ಸ್ಪ್ರಿಂಗ್ ಸರಿಯಿದ್ರೆ ಒಂದೇ ಕೈಲಿ ಎತ್ತಿ ಕಾರು ತೆಗೆದು ಹೋಗಬಹುದು. ಬಾಗಿಲು ಮೇಲಿದ್ದಾಗ ಮಾತ್ರ ಎಳೀಬೇಡಿ, ಸ್ಪ್ರಿಂಗ್ ಮುರಿದಿದ್ರೆ ಅಷ್ಟೂ ತೂಕ ದಬಾರ್ ಅಂತ ಕೆಳಗೆ ಬರುತ್ತೆ. ಇಷ್ಟು ಗೊತ್ತಿದ್ದಿದ್ರೆ ನಾನು ಆ ಗಡಿಬಿಡೀಲಿ ಯಾರನ್ನೂ ಕರೆಸ್ತಿರಲಿಲ್ಲ, ಸಾಯಂಕಾಲ ತಣ್ಣಗೆ ಕೂತು ನಾಲ್ಕು ಜನರನ್ನ ವಿಚಾರಿಸ್ತಿದ್ದೆ.

ಫೋನಲ್ಲಿ ಮೊದಲು ಬಂದಿದ್ದೇ ಜಾಹೀರಾತು, "29 ಡಾಲರ್ ಸರ್ವಿಸ್ ಕಾಲ್, ಅರ್ಧ ಗಂಟೇಲಿ ಮನೆ ಬಾಗಿಲಿಗೆ". ಫೋನ್ ಎತ್ತಿದವಳು ಯಾವ ಊರಲ್ಲಿದ್ಲೋ ದೇವರಿಗೇ ಗೊತ್ತು, ಚಾಂಡ್ಲರ್ ಅನ್ನೋದನ್ನ ಎರಡು ಸಲ ಸ್ಪೆಲ್ ಮಾಡಿಸಿದ್ಲು. ನಲವತ್ತು ನಿಮಿಷಕ್ಕೆ ಒಬ್ಬ ಬಂದ, ಬಿಳೀ ಪಿಕಪ್, ಗಾಡಿ ಮೇಲೆ ಹೆಸರಿಲ್ಲ, ಅಂಗಿ ಮೇಲೂ ಇಲ್ಲ. (ಅಷ್ಟೊತ್ತಿಗೆ ಮಗಳನ್ನ ಪಕ್ಕದ ಮನೆಯವರು ಕರ್ಕೊಂಡು ಬಂದಾಗಿತ್ತು, ಅಂದ್ರೆ ಅರ್ಜೆಂಟೇ ಇರಲಿಲ್ಲ, ಆದ್ರೂ ತಲೇಲಿ ಅದೇ ಓಡ್ತಿತ್ತು.) ಓಪನರ್ ಮುಚ್ಚಳ ಸಹ ಬಿಚ್ಚಲಿಲ್ಲ ಆಸಾಮಿ. ಟಾರ್ಚ್ ಹಾಕಿ ಮೇಲೆ ಕೆಳಗೆ ನೋಡಿ ತಲೆ ಆಡಿಸಿದ. ಮೋಟರ್ ಸುಟ್ಟೋಗಿದೆ, ಈ ಬಿಸಿಲಿಗೆ ಸ್ಪ್ರಿಂಗ್ ಸುಸ್ತಾಗಿದೆ, ರೋಲರ್ ಸವೆದಿದೆ, ಕೇಬಲ್ ಇವತ್ತೋ ನಾಳೆಯೋ ಅಂತಿದೆ, ಚಿಕ್ಕ ಮಕ್ಕಳಿರೋ ಮನೆ ಬೇರೆ. ಈ ಕೊನೇ ಮಾತು ಹೇಳುವಾಗ ಮಗಳ ಸೈಕಲ್ ಕಡೆ ನೋಡಿದ. ಒಟ್ಟು 1,640, ಈಗಲೇ ಮಾಡಿಸಿದ್ರೆ 1,180. ನಾನು ಹೂಂ ಅಂದೆ.

ಎರಡು ಗಂಟೆ ಕೆಲಸ ಮಾಡಿದ, ಅದನ್ನ ಇಲ್ಲ ಅನ್ನಲ್ಲ, ಬೆವರು ಸುರಿಸಿಕೊಂಡೇ ಮಾಡಿದ. ಹೊಸ ಓಪನರ್, ಹೊಸ ಸ್ಪ್ರಿಂಗು, ರೋಲರ್ರು. ಹಳೇ ಓಪನರ್‌ನ ಗಾಡಿಗೆ ಹಾಕೋಕೆ ಹೋದಾಗ ಮಾವ ಅಡ್ಡ ನಿಂತು ಕನ್ನಡದಲ್ಲೇ "ಅದನ್ನ ಇಲ್ಲೇ ಇಳಿಸಪ್ಪ" ಅಂದ್ರು, ಕೈ ಸನ್ನೆ ನೋಡಿ ಅವನು ಇಳಿಸಿದ. ಬಿಲ್ಲು ಕೊಟ್ಟ, ಒಂದಲ್ಲ, ಎರಡು. ಒಂದು 690, ಇನ್ನೊಂದು 490. ಯಾಕೆ ಎರಡು ಅಂದ್ರೆ ಮೋಟರ್‌ದು ಬೇರೆ, ಬಾಗಿಲಿಂದು ಬೇರೆ ಅಂದ. ನಾನು ಎರಡು ಸಲ ಕಾರ್ಡ್ ಉಜ್ಜಿದೆ.

ಆ ಎರಡು ಬಿಲ್ಲಿನ ಗುಟ್ಟು ಗೊತ್ತಾಗಿದ್ದು ಆಮೇಲೆ. ಅರಿಜೋನಾದಲ್ಲಿ ಲೇಬರ್ರು ಸಾಮಾನು ಎರಡೂ ಸೇರಿ 1,000 ಡಾಲರ್ ಒಳಗಿನ ಸಣ್ಣಪುಟ್ಟ ಕೆಲಸಕ್ಕೆ ಕಾಂಟ್ರ್ಯಾಕ್ಟರ್ ಲೈಸೆನ್ಸ್ ಬೇಡ, ಅದಕ್ಕಿಂತ ಮೇಲಾದ್ರೆ ಬೇಕು. ಒಂದೇ ಕೆಲಸನ ತುಂಡು ಮಾಡಿ ಬಿಲ್ ಹಾಕಿ ತಪ್ಪಿಸ್ಕೊಳ್ಳೋ ಹಾಗಿಲ್ಲ ಅಂತಲೂ ಅದೇ ಕಾನೂನಲ್ಲಿದೆ. ಯಾರಿಗೆ ಲೈಸೆನ್ಸ್ ಇದೆ ಅಂತ ರಾಜ್ಯದ ರಿಜಿಸ್ಟ್ರಾರ್ ಆಫ್ ಕಾಂಟ್ರ್ಯಾಕ್ಟರ್ಸ್ ಸೈಟಲ್ಲಿ ಪುಕ್ಕಟೆ ನೋಡಬಹುದು, ಎರಡು ನಿಮಿಷದ ಕೆಲಸ. ಬಿಲ್ಲಲ್ಲಿದ್ದ ಹೆಸರು ಅಲ್ಲಿ ಇರಲೇ ಇಲ್ಲ.

ಮಾರನೇ ದಿನ ಬೆಳಿಗ್ಗೆ ಐದೂವರೆಗೆ, ಬಿಸಿಲೇರೋ ಮುಂಚೆ, ಮಾವ ಹಳೇ ಓಪನರ್‌ನ ಗ್ಯಾರೇಜ್ ನೆಲದ ಮೇಲೆ ಇಟ್ಕೊಂಡು ಮುಚ್ಚಳ ಬಿಚ್ಚಿದ್ರು. ಒಳಗೆ ಹೆಬ್ಬೆರಳಿಗಿಂತ ಸ್ವಲ್ಪ ದಪ್ಪದ ಕಪ್ಪು ಡಬ್ಬಿ, ತಲೆ ಉಬ್ಬಿಕೊಂಡು ಪೂರಿ ಥರ ಆಗಿದೆ, ಪಕ್ಕದಲ್ಲಿ ಎಣ್ಣೆ ಜಿಡ್ಡು. "ನೋಡು" ಅಂದ್ರು, ಅಷ್ಟೇ. ಅದರ ಕಾಲುಗಳಿಗೆ ಸ್ಕ್ರೂಡ್ರೈವರ್ ಅಡ್ಡ ಇಟ್ಟು ಚಾರ್ಜ್ ಇಲ್ಲ ಅಂತ ಖಾತ್ರಿ ಮಾಡ್ಕೊಂಡು ಬಿಚ್ಚಿ ನನ್ನ ಕೈಗಿಟ್ರು. (ಪ್ಲಗ್ ತೆಗೆದಿದ್ರೂ ಅದ್ರಲ್ಲಿ ಕರೆಂಟ್ ಉಳಿದಿರುತ್ತೆ, ಅಭ್ಯಾಸ ಇಲ್ಲದೋರು ಕೈ ಹಾಕಬೇಡಿ.) ಅದೇ ನಂಬರಿಂದು ಆನ್‌ಲೈನಲ್ಲಿ 18 ಡಾಲರ್‌ಗೆ ಬಂತು. ಹಾಕಿ ಪ್ಲಗ್ ಕೊಟ್ಟು ಬಟನ್ ವೈರ್ ತಾಗಿಸಿದ್ರೆ, "ಸುಟ್ಟೋದ" ಮೋಟರ್ ಗಿರಗಿರ ತಿರುಗ್ತು. ಮಾವ ನನ್ನ ಮುಖ ಸಹ ನೋಡಲಿಲ್ಲ, ಕಾಫಿ ಮಾಡಮ್ಮ ಅಂದ್ರು.

ಬಿಸಿಲಿಂದ ಏನೂ ಆಗಲ್ಲ ಅಂತಲ್ಲ. 2023ರಲ್ಲಿ ಫೀನಿಕ್ಸಲ್ಲಿ ಸತತ 31 ದಿನ 110 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಜಾಸ್ತಿ ಇತ್ತಲ್ಲ, ಮುಚ್ಚಿದ ಗ್ಯಾರೇಜಿನ ಸೂರಿಗೆ ಅಂಟಿಕೊಂಡಿರೋ ಡಬ್ಬಿ ಅದಕ್ಕಿಂತ ಬಿಸಿ ಆಗುತ್ತೆ. ಈ ಥರದ ಕಂಡೆನ್ಸರ್‌ಗೆ ಶಾಖ 10 ಡಿಗ್ರಿ ಸೆಲ್ಸಿಯಸ್ ಏರಿದ್ರೆ ಆಯಸ್ಸು ಅರ್ಧ ಆಗುತ್ತೆ ಅಂತ ಎಲೆಕ್ಟ್ರಿಕಲ್‌ನವರ ಲೆಕ್ಕ. ಬ್ಯಾಕಪ್ ಬ್ಯಾಟರಿ ಇದ್ರೆ ಅದೂ ಬೇಗ ಸಾಯುತ್ತೆ, ಸುಮ್ಮಸುಮ್ಮನೆ ಬೀಪ್ ಬೀಪ್ ಅಂತಿದ್ರೆ ಬಹಳ ಸಲ ಅದೇ. ಇನ್ನು ಮೋಟರ್ ತೀರಾ ಬಿಸಿಯಾದಾಗ ತಾನೇ ಆಫ್ ಆಗೋ ವ್ಯವಸ್ಥೆ ಒಳಗೇ ಇರುತ್ತೆ, ಮಕ್ಕಳು ನಾಲ್ಕೈದು ಸಲ ತೆಗೆದು ಮುಚ್ಚಿ ಆಟ ಆಡಿದ್ರೆ ಸುಮ್ಮನಾಗುತ್ತೆ, ಅರ್ಧ ಗಂಟೆ ಬಿಟ್ಟು ನೋಡದೆ ಯಾರಿಗೂ ಫೋನ್ ಮಾಡಬೇಡಿ. ಆದ್ರೆ ಸ್ಪ್ರಿಂಗ್ ಬಿಸಿಲಿಗೆ "ಸುಸ್ತಾಗೋದು" ಅನ್ನೋದು ಬರೀ ಬುರುಡೆ. ಅದಕ್ಕೆ ಲೆಕ್ಕ ಎಷ್ಟು ಸಲ ತೆಗೆದು ಮುಚ್ಚಿದ್ವಿ ಅನ್ನೋದು, ಮಾಮೂಲಿ ಸ್ಪ್ರಿಂಗ್ 10,000 ಸಲಕ್ಕೆ ಅಂತ ಮಾಡಿರ್ತಾರೆ, ದಿನಕ್ಕೆ ನಾಲ್ಕು ಸಲ ಅಂದ್ರೆ ಹತ್ತತ್ರ ಏಳು ವರ್ಷ. ಮುರಿದ್ರೆ ಪಟಾಕಿ ಹೊಡೆದ ಹಾಗೆ ಸದ್ದು ಬರುತ್ತೆ, ಸುರುಳಿ ಮಧ್ಯೆ ಎರಡು ಬೆರಳಗಲ ಗ್ಯಾಪ್ ಕಣ್ಣಿಗೇ ಕಾಣುತ್ತೆ. ನಮ್ಮದ್ರಲ್ಲಿ ಅಂಥದ್ದೇನೂ ಇರಲಿಲ್ಲ.

ಇಷ್ಟಕ್ಕೇ ಮುಗೀಲಿಲ್ಲ. ಮೂರು ವಾರಕ್ಕೆ ಹೊಸ ಓಪನರ್ ಸಂಜೆ ಐದರ ಮೇಲೆ ಬಾಗಿಲು ಮುಚ್ಚೋದು ನಿಲ್ಲಿಸ್ತು, ಅರ್ಧಕ್ಕೆ ಬಂದು ವಾಪಸ್ ಮೇಲೆ, ಲೈಟ್ ಮಿಣಮಿಣ. ಬೆಳಿಗ್ಗೆ ಸರಿ, ಸಂಜೆ ಇಲ್ಲ. ಅವನಿಗೆ ಫೋನ್ ಮಾಡಿದ್ರೆ ಈ ಸಲ ವಿಸಿಟ್‌ಗೇ 89, ಸೆನ್ಸರ್ ಹೋಗಿರುತ್ತೆ ಅಂದ. ನಮ್ಮದು ಪಶ್ಚಿಮದ ಬಾಗಿಲು. ನೆಲದಿಂದ ಆರಿಂಚು ಮೇಲೆ ಎರಡೂ ಕಡೆ ಕಣ್ಣಿನ ಥರ ಸೆನ್ಸರ್ ಇರುತ್ತಲ್ಲ, ಅಮೆರಿಕದಲ್ಲಿ 1993ರಿಂದ ಇಂಥ ಸುರಕ್ಷತೆ ಇಲ್ಲದ ಓಪನರ್ ಮಾರೋ ಹಾಗಿಲ್ಲ, ಅದ್ರಲ್ಲಿ ಬೆಳಕು ಹಿಡಿಯೋ ಕಡೆಯ ಕಣ್ಣಿಗೆ ಸಂಜೆ ಬಿಸಿಲು ನೇರ ಹೊಡೆದ್ರೆ ಅದಕ್ಕೆ ಏನೂ ಕಾಣ್ಸಲ್ಲ. ಮಾವ ಪೇಪರ್ ಟವೆಲ್ ರಟ್ಟಿನ ಕೊಳವೆ ಕತ್ತರಿಸಿ ಅದಕ್ಕೆ ಟೊಪ್ಪಿಗೆ ಥರ ಸಿಕ್ಕಿಸಿದ್ರು. ಇವತ್ತಿಗೂ ಅದೇ ಇದೆ.

ಬಾಗಿಲು ಭಾರ ಆಗಿದೆ ಅನ್ನಿಸಿ ಕೊನೆಗೆ ಪಕ್ಕದ ಮನೆಯವರು ಹೇಳಿದ, ಲೈಸೆನ್ಸ್ ಇರೋ ವಯಸ್ಸಾದ ಟೆಕ್ನಿಷಿಯನ್ ಒಬ್ರನ್ನ ಕರೆಸಿದೆ. ಅವರು ಮೊದಲು ಕೆಂಪು ಹಗ್ಗ ಎಳೆದು ಬಾಗಿಲನ್ನ ಸೊಂಟದ ಮಟ್ಟಕ್ಕೆ ಎತ್ತಿ ಕೈ ಬಿಟ್ರು, ಸರಿಯಾದ ಸ್ಪ್ರಿಂಗ್ ಆದ್ರೆ ಅಲ್ಲೇ ನಿಲ್ಲಬೇಕು, ನಮ್ಮದು ಕುಸಿದು ಹೋಯ್ತು. ಸ್ಪ್ರಿಂಗ್ ಸಡಿಲ ಬಿಟ್ಟು ಬಾಗಿಲ ಕೆಳಗೆ ತೂಕದ ಮಷಿನ್ ಇಟ್ಟು ತೂಗಿದ್ರು. ಆ ಮೊದಲನೇ ಪುಣ್ಯಾತ್ಮ ನಮ್ಮ ಭಾರದ ಬಾಗಿಲಿಗೆ ಹಾಕಿದ್ದು ಇನ್ಸುಲೇಷನ್ ಇಲ್ಲದ ಹಗುರ ಬಾಗಿಲ ಸ್ಪ್ರಿಂಗ್, ಸರಿಯಿದ್ದಿದ್ದನ್ನ ತೆಗೆದು! ಮತ್ತೆ 310 ಕೊಟ್ಟು ಬದಲಾಯಿಸಿದೆ. ಮಾವ ಸ್ಪ್ರಿಂಗೂ ನಾನೇ ಹಾಕ್ತೀನಿ ಅಂದಿದ್ರು, ಅದಕ್ಕೆ ಮಾತ್ರ ನಾನು ಒಪ್ಪಲಿಲ್ಲ, ಬಿಗಿ ಮಾಡಿರೋ ಸ್ಪ್ರಿಂಗ್ ಕೈ ತಪ್ಪಿದ್ರೆ ಮೂಳೆ ಮುರಿಯುತ್ತೆ, ಅದನ್ನ ಯಾರೂ ಮನೇಲಿ ಮುಟ್ಟಬೇಡಿ.

ಆ ವಯಸ್ಸಾದ ಟೆಕ್ನಿಷಿಯನ್ ಹತ್ರ ಕೂತು ರೇಟ್ ಕೇಳ್ಕೊಂಡೆ. ನಮ್ಮ ಏರಿಯಾಗೆ ಅವರು ಹೇಳಿದ್ದು: ವಿಸಿಟ್ 85, ಕೆಲಸ ಮಾಡಿಸಿದ್ರೆ ಅದು ಬಿಲ್ಲಲ್ಲಿ ವಜಾ. ಕಂಡೆನ್ಸರ್ ಹಾಕೋಕೆ ಎಲ್ಲಾ ಸೇರಿ 130. ಒಳಗಿನ ಪ್ಲಾಸ್ಟಿಕ್ ಗೇರ್ ಸವೆದಿದ್ರೆ 160ರ ಆಸುಪಾಸು, ಅದರ ಗುರುತು ಅಂದ್ರೆ ಮೋಟರ್ ತಿರುಗೋ ಸದ್ದು ಬರುತ್ತೆ, ಚೈನ್ ಓಡಲ್ಲ, ಕೆಳಗೆ ಬಿಳೀ ಪುಡಿ ಉದುರಿರುತ್ತೆ. ಒಳಗಿನ ಸರ್ಕ್ಯೂಟ್ ಬೋರ್ಡ್ ಹೋದ್ರೆ 200 ದಾಟುತ್ತೆ, ಅಷ್ಟಕ್ಕೆ ಹೋದಾಗ, ಓಪನರ್ ಹತ್ತು ಹದಿನೈದು ವರ್ಷದ್ದಾದ್ರೆ ಹೊಸದೇ ವಾಸಿ, ಹಾಕಿಸೋದೂ ಸೇರಿ 450ರಿಂದ 600. ಫೋನಲ್ಲೇ ಮಾಡೆಲ್ ಹೇಳಿ ಲಕ್ಷಣ ಹೇಳಿದ್ರೆ ಅಂದಾಜು ಕೊಡ್ತಾರೆ. "ಬಂದು ನೋಡದೆ ಏನೂ ಹೇಳೋಕಾಗಲ್ಲ, 29 ಮಾತ್ರ" ಅನ್ನೋರ ಫೋನ್ ಇಟ್ಟುಬಿಡಿ.

ರಿಜಿಸ್ಟ್ರಾರ್‌ಗೂ ಅಟಾರ್ನಿ ಜನರಲ್ ಆಫೀಸಿಗೂ ಕಂಪ್ಲೇಂಟ್ ಹಾಕಿದೀನಿ, ಎರಡೂ ಬಿಲ್ಲಿನ ಫೋಟೋ, ಉಬ್ಬಿದ ಕಂಡೆನ್ಸರ್ ಫೋಟೋ ಸಮೇತ. ಕಾರ್ಡ್‌ನವರ ಹತ್ರ ಡಿಸ್ಪ್ಯೂಟ್ ನಡೀತಿದೆ, 490ರದ್ದು ಸದ್ಯಕ್ಕೆ ವಾಪಸ್ ತೋರಿಸ್ತಿದೆ, 690ರದ್ದು ಇನ್ನೂ ಇಲ್ಲ. ಆ ಎರಡನೇ ಟೆಕ್ನಿಷಿಯನ್ ನಂಬರ್ ಬೇಕಿದ್ರೆ ಮೆಸೇಜ್ ಮಾಡಿ, ಇಲ್ಲಿ ಹಾಕಲ್ಲ. ಹಳೇ ಓಪನರ್ ಗ್ಯಾರೇಜ್ ಮೂಲೇಲಿದೆ, ಚೆನ್ನಾಗಿ ಓಡುತ್ತೆ, ಬೇಕಾದೋರು ಬಂದು ತಗೊಂಡು ಹೋಗಿ, ದುಡ್ಡು ಬೇಡ. ಸಂಜೆ ಏಳರ ಮೇಲೆ ಬನ್ನಿ, ಅದಕ್ಕೆ ಮುಂಚೆ ಅಲ್ಲಿ ನಿಲ್ಲೋಕಾಗಲ್ಲ.