ಗೆರೆ ಹೋದ ಬೋಟ್ ಡಿಸ್‌ಪ್ಲೇ: ಪಟ್ಟಿ ತೊಳೆಯುವುದೋ, ರಿಬ್ಬನ್ ಕಾಯಿಸುವುದೋ, ಫಿಲ್ಮ್ ಬದಲಿಸುವುದೋ?

ನೀರಿನ ಆಳ ತೋರಿಸುವ ಡೆಪ್ತ್ ಮೀಟರಿನ ಅಂಕಿಯಲ್ಲಿ ಎಡಭಾಗದ ಕೆಳಗಿನ ಒಂದೇ ಗೆರೆ ಹೋದರೂ 8 ಎಂಬುದು 9 ಆಗಿ ಕಾಣುತ್ತದೆ. ಇಲ್ಲದ ನೀರನ್ನು ಇದೆ ಎಂದು ನಂಬಿಸುವ ದೋಷ ಇದು, ತಡ ಮಾಡಬಾರದು.

ಬಿಚ್ಚುವ ಮೊದಲು ಮಲ್ಟಿಮೀಟರ್ ಹಿಡಿಯಿರಿ. ಡಿಸ್‌ಪ್ಲೇ ಉರಿಯುತ್ತಿರುವಾಗಲೇ ಅದರ ಪ್ಲಗ್‌ನಲ್ಲಿ ಅಳೆದ ವೋಲ್ಟೇಜ್ ಬ್ಯಾಟರಿಯದಕ್ಕಿಂತ 0.36 ವೋಲ್ಟ್‌ಗೂ (12 ವೋಲ್ಟ್‌ನ ಶೇ. 3) ಹೆಚ್ಚು ಇಳಿದಿದ್ದರೆ ವೈರ್, ಫ್ಯೂಸ್ ಹೋಲ್ಡರ್, ಅರ್ತ್ ನೋಡಿ. ಇಡೀ ಪರದೆ ಮಂಕಾಗುವುದು, ಎಂಜಿನ್ ಸ್ಟಾರ್ಟ್ ಮಾಡಿದಾಗ ಆರಿಹೋಗುವುದು ಇದರ ಲಕ್ಷಣ. ಒಂದೆರಡು ಗೆರೆ ಮಾತ್ರ ಹೋಗಿದ್ದರೆ ಕರೆಂಟಿನ ತಪ್ಪಲ್ಲ. ಅಂದಹಾಗೆ, ಪೋಲರೈಸ್ಡ್ ತಂಪು ಕನ್ನಡಕ ತೆಗೆದು ಒಮ್ಮೆ ನೋಡಿ. ಕೆಲವು ಕೋನದಲ್ಲಿ ಸರಿಯಾದ ಪರದೆಯೂ ಕಪ್ಪಾಗಿ ಕಾಣುತ್ತದೆ.

ಇನ್ನು ಚೌಕಟ್ಟಿನ ಅಂಚನ್ನು ಬೆರಳಿನಿಂದ ಒತ್ತಿ. ಗೆರೆ ಮರಳಿ ಬಂದರೆ ಗಾಜಿಗೂ ಬೋರ್ಡಿಗೂ ನಡುವಿನ ಸಂಪರ್ಕ ಸಡಿಲವಾಗಿದೆ.

ಆ ಸಂಪರ್ಕ ಜೀಬ್ರಾ ಪಟ್ಟಿಯದಾಗಿದ್ದರೆ (ನಡುವೆ ಒತ್ತಿ ಕೂತು ಕರೆಂಟ್ ದಾಟಿಸುವ ರಬ್ಬರಿನಂಥ ಪಟ್ಟಿ) ನಿಮ್ಮ ಅದೃಷ್ಟ. ಮಾಡಿ ನೋಡಿದ ಮೂರು ದಾರಿಗಳಲ್ಲಿ ನಾವು ಮೊದಲ ಸ್ಥಾನ ಕೊಡುವುದು ಇದಕ್ಕೇ. ಭೂತಗನ್ನಡಿಯಲ್ಲಿ ನೋಡಿದರೆ ಕೂದಲಿನಷ್ಟು ತೆಳುವಾದ ಕಪ್ಪು ಕಾರ್ಬನ್ ಗೆರೆ, ನಡುವೆ ಬಿಳಿ ಸಿಲಿಕೋನ್, ಮತ್ತೆ ಕಪ್ಪು. ಆಚೀಚೆ ಉಪ್ಪಿನ ಪುಡಿ ಕೂತಿರುತ್ತದೆ. ಇಲ್ಲಿ ಬಹಳ ಜನ ಎಡವುವುದು ನೇರವಾಗಿ ಐಸೊಪ್ರೊಪೈಲ್ ಆಲ್ಕೊಹಾಲ್ ಒರೆಸಿ: ಅದು ಜಿಡ್ಡು ತೆಗೆಯುತ್ತದೆ, ಉಪ್ಪನ್ನು ಕರಗಿಸುವುದು ಕಡಿಮೆ. ಮೊದಲು ಡಿಸ್ಟಿಲ್ಡ್ ನೀರು, ಆಮೇಲೆ ಶೇ. 99ರ ಆಲ್ಕೊಹಾಲ್, ನೂಲು ಬಿಡದ ಬಟ್ಟೆ. ಬೋರ್ಡಿನ ಚಿನ್ನದ ಬಣ್ಣದ ಪ್ಯಾಡ್‌ಗಳಿಗೆ ಮೃದು ಬಿಳಿ ರಬ್ಬರ್ ಸಾಕು. ಉಪ್ಪುಕಾಗದ ಬೇಡವೇ ಬೇಡ, ಲೇಪವೇ ಕಿತ್ತುಹೋಗುತ್ತದೆ. ಪಟ್ಟಿಯನ್ನು ಚಿಮಟದಿಂದ ಎತ್ತಿ, ಬರಿ ಬೆರಳಲ್ಲಿ ಮುಟ್ಟಬೇಡಿ. ತುಳಿದಂತೆ ಚಪ್ಪಟೆಯಾಗಿದ್ದರೆ ತಿರುಗಿಸಿ ಕೂರಿಸಿ. ಸ್ಕ್ರೂಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಒಂದು ಮೂಲೆಯನ್ನೇ ಪೂರ್ತಿ ಬಿಗಿದರೆ ಗಾಜು ಸೀಳುತ್ತದೆ.

ಪಟ್ಟಿಯ ಬದಲು ಗಾಜಿಗೆ ಅಂಟಿಸಿದ ತೆಳು ರಿಬ್ಬನ್ ಕೇಬಲ್ ಇದ್ದರೆ ಕಾಯಿಸಿ ಒತ್ತಬೇಕು. ಉಷ್ಣತೆ ಹೊಂದಿಸಬಹುದಾದ ಸೋಲ್ಡರಿಂಗ್ ಐರನ್, ಅಗಲ ತುದಿ, ನಡುವೆ ತೆಳುವಾದ ಸಿಲಿಕೋನ್ ಹಾಳೆ. 150 ಡಿಗ್ರಿ ಸೆಲ್ಸಿಯಸ್‌ನಿಂದ ಶುರು ಮಾಡಿ, 4–5 ಸೆಕೆಂಡ್ ಒತ್ತಿ, ತಣ್ಣಗಾಗುವ ತನಕ ಒತ್ತಡ ಬಿಡಬೇಡಿ. ಅಂಟು ಕರಗಿದಾಗ ಬಿಟ್ಟರೆ ರಿಬ್ಬನ್ ಮೇಲೇಳುತ್ತದೆ. ಬಿಸಿ ಹೆಚ್ಚಾದರೆ ಸುಕ್ಕುಗಟ್ಟಿ ಒಳಗಿನ ಗೆರೆ ಹರಿಯುತ್ತದೆ, ಅದಕ್ಕೆ ಮತ್ತೆ ಮದ್ದಿಲ್ಲ. ಫಲ ತಕ್ಷಣ ಕಾಣುತ್ತದೆ ನಿಜ, ಆದರೆ ಎಂಜಿನ್ ಅದುರಾಟಕ್ಕೆ ಮತ್ತೆ ಬಿಡಬಹುದು. ಅದಕ್ಕೇ ರಿಬ್ಬನ್ ಹಿಂದೆ ತೆಳು ಫೋಮ್ ಪಟ್ಟಿ ಇಟ್ಟು ಮುಚ್ಚಳದಿಂದ ಒತ್ತಿಸುವುದು ಒಳ್ಳೆಯದು. ಹಾಟ್ ಏರ್ ಗನ್ ದೂರವಿಡಿ, ಪಕ್ಕದ ಫಿಲ್ಮ್ ಗುಳ್ಳೆ ಏಳುತ್ತದೆ.

ಫಿಲ್ಮ್ ಬದಲಿಸುವುದು ಬೇರೆಯೇ ಕಾಯಿಲೆಯ ಔಷಧಿ. ಅಂಕಿಗಳು ಪೂರ್ತಿ ಇದ್ದು ಮೇಲೆ ಕಂದು ಕಲೆ, ಹತ್ತಿರ ಮೂಸಿದರೆ ವಿನೆಗರ್ ವಾಸನೆ ಬಂದರೆ ಮಾತ್ರ ಪೋಲರೈಸರ್ (ಗಾಜಿನ ಮೇಲೆ ಅಂಟಿಸಿದ, ಬೆಳಕು ಸೋಸುವ ಫಿಲ್ಮ್) ಹಾಳಾಗಿದೆ. ಕಿತ್ತು, ಗಾಜಿನ ಮೇಲಿನ ಅಂಟನ್ನು ಅಸಿಟೋನ್‌ನಿಂದ ತೆಗೆಯಿರಿ. ಪ್ಲಾಸ್ಟಿಕ್‌ಗೆ ತಾಗಿದರೆ ಅದೂ ಕರಗುತ್ತದೆ. ಹೊಸ ಫಿಲ್ಮ್ ಅಂಟಿಸುವ ಮುನ್ನ ಪರದೆ ಆನ್ ಮಾಡಿ, ಫಿಲ್ಮನ್ನು ಮೇಲಿಟ್ಟು ನೋಡಿ. ಕಪ್ಪು ಬಿಳಿ ಅದಲುಬದಲಾಗಿದ್ದರೆ 90 ಡಿಗ್ರಿ ತಿರುಗಿಸಬೇಕು.

ಅಂಚಿನಿಂದ ಒಳಗೆ ಹರಡುವ ಕಪ್ಪು ಮಸಿಯಂಥ ಕಲೆ, ಒತ್ತಿದರೂ ಬದಲಾಗದಿದ್ದರೆ, ಗಾಜಿನೊಳಗಿನ ದ್ರವವೇ ಸೋರಿದೆ. ಮೂರೂ ದಾರಿ ಮುಚ್ಚಿದಂತೆ, ಪರದೆಯನ್ನೇ ಬದಲಿಸಬೇಕು.

ಮುಚ್ಚುವಾಗ ನ್ಯೂಟ್ರಲ್ ಕ್ಯೂರ್ ಸಿಲಿಕೋನ್ ಬಳಸಿ. ವಿನೆಗರ್ ವಾಸನೆಯ ಸಿಲಿಕೋನ್ ಒಣಗುವಾಗ ಬಿಡುವ ಆಮ್ಲ ಒಳಗಿನ ತಾಮ್ರವನ್ನು ತಿನ್ನುತ್ತದೆ.