ಚಂದಾ ಮುಗಿದ ದಿನ ಹನ್ನೆರಡು ಪದಗಳಿಗೆ ಬೀಗ ಬಿತ್ತು

ಕಳೆದ ವರ್ಷ ಧಾರವಾಡದ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಹನ್ನೆರಡು ದಾಸರ ಪದಗಳ ಧ್ವನಿಮುದ್ರಣಕ್ಕೆ ಕೈಹಾಕಿದಾಗ, ಯಾವ ತಂತ್ರಾಂಶ ಬಳಸಬೇಕೆಂಬುದನ್ನು ನಾನು ಬೆಲೆ ಮತ್ತು ಅಂದ ಎರಡನ್ನೇ ನೋಡಿ ತೀರ್ಮಾನಿಸಿದೆ. ಲಾಜಿಕ್ ಪ್ರೊ ಆಪಲ್ ಸಾಧನಗಳಲ್ಲಿ ಮಾತ್ರ ನಡೆಯುತ್ತದೆ, ನನ್ನ ಕಂಪ್ಯೂಟರು ವಿಂಡೋಸ್‌ನದು. ಕ್ಯೂಬೇಸ್‌ನ ದೊಡ್ಡ ಆವೃತ್ತಿ ನನ್ನ ಕೈಗೆ ಎಟುಕುವಂತಿರಲಿಲ್ಲ. ರೀಪರ್ ಅನ್ನು 60 ದಿನ ಪರೀಕ್ಷಿಸಿ ನೋಡಬಹುದು, ಸಣ್ಣ ಬಳಕೆದಾರರಿಗೆ ಅದರ ಪರವಾನಗಿ 60 ಡಾಲರ್. ಆದರೆ ಅದರ ಬೋಳು ಮುಖ ನನಗೆ ಹಿಡಿಸಲಿಲ್ಲ. (ಆ ಅಸಡ್ಡೆಗೆ ಈಗ ನಾಚಿಕೆಯಾಗುತ್ತದೆ.) ಕೊನೆಗೆ ತಿಂಗಳ ಚಂದಾ ಕಟ್ಟಿ ಬಳಸುವ, ನೋಡಲು ಚೆಂದದ ಒಂದು ತಂತ್ರಾಂಶವನ್ನು ಆರಿಸಿಕೊಂಡೆ.

ಕಾರ್ಡಿನಿಂದ ಚಂದಾ ತಾನಾಗಿಯೇ ಕಡಿತವಾಗುವುದಕ್ಕೆ ರಿಸರ್ವ್ ಬ್ಯಾಂಕ್ 2021ರ ಅಕ್ಟೋಬರ್‌ನಿಂದ ಹೆಚ್ಚುವರಿ ದೃಢೀಕರಣ ಕಡ್ಡಾಯ ಮಾಡಿರುವುದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಮೂರನೆಯ ತಿಂಗಳು ಪಾವತಿ ವಿಫಲವಾಯಿತು. ಬೆಂಗಳೂರಿನ ಸ್ಟುಡಿಯೊದಲ್ಲಿ ಮಿಕ್ಸಿಂಗ್ (ಎಲ್ಲ ಧ್ವನಿಗಳನ್ನೂ ಹದವಾಗಿ ಬೆರೆಸುವ ಕೆಲಸ) ಆರಂಭವಾಗಬೇಕಿದ್ದ ಹಿಂದಿನ ಸಂಜೆ ತಂತ್ರಾಂಶ ನನ್ನದೇ ಪ್ರಾಜೆಕ್ಟ್‌ಗಳನ್ನು ತೆರೆಯಲು ಒಪ್ಪಲಿಲ್ಲ. ಹಾಡಿದ ಧ್ವನಿಯೆಲ್ಲ ವೇವ್ ಕಡತಗಳಾಗಿ ಫೋಲ್ಡರಿನಲ್ಲಿ ಇದ್ದೇ ಇತ್ತು, ಆದರೆ ನೂರಾರು ತುಂಡುಗಳಾಗಿ. ಯಾವ ತುಂಡು ಎಲ್ಲಿ ಕೂರಬೇಕು, ಪಲ್ಲವಿಗೆ ಎಷ್ಟನೆಯ ಟೇಕ್ ಆಯ್ದಿದ್ದೆವು ಎಂಬ ವಿವರ ಇದ್ದದ್ದು ಆ ತೆರೆಯದ ಪ್ರಾಜೆಕ್ಟ್ ಕಡತದೊಳಗೆ ಮಾತ್ರ. ಮಿಕ್ಸಿಂಗ್ ಮಾಡುವವರು ಪ್ರೊ ಟೂಲ್ಸ್ ಎಂಬ ಬೇರೆ ತಂತ್ರಾಂಶ ಬಳಸುತ್ತಿದ್ದರು, ಅದರಲ್ಲಿಯೂ ಈ ಕಡತ ತೆರೆಯುವುದಿಲ್ಲ. ತಂತ್ರಾಂಶಗಳ ನಡುವೆ ಸಂಪಾದನೆಯನ್ನು ಸಾಗಿಸುವ ಎಎಎಫ್ ರೂಪದ ಸೌಲಭ್ಯ ನಾನು ಕಟ್ಟುತ್ತಿದ್ದ ಅಗ್ಗದ ಚಂದಾದಲ್ಲಿ ಇರಲಿಲ್ಲ.

ಮತ್ತೆ ಹಣ ಕಟ್ಟಿ ಬೀಗ ತೆಗೆಸಿದ ಮೇಲೆ ಅವಸರದಲ್ಲಿ ಪ್ರತಿಯೊಂದು ಟ್ರ್ಯಾಕನ್ನೂ ಹಾಡಿನ ಸೊನ್ನೆಯ ಕ್ಷಣದಿಂದಲೇ ಇಡಿಯ ಕಡತವಾಗಿ ಹೊರತೆಗೆದು ಕಳುಹಿಸಿದೆ. ಅಲ್ಲಿಯೂ ಎಡವಿದೆವು, ಇದಕ್ಕೆ ಮಾತ್ರ ತಂತ್ರಾಂಶವನ್ನು ದೂರುವಂತಿಲ್ಲ: ನನ್ನ ಕಡತಗಳ ಸ್ಯಾಂಪಲ್ ದರ (ಸೆಕೆಂಡಿಗೆ ಧ್ವನಿಯನ್ನು ಎಷ್ಟು ಸಲ ಅಳೆದು ದಾಖಲಿಸುತ್ತಾರೆ ಎಂಬುದು) 44.1 ಕಿಲೋಹರ್ಟ್ಸ್, ವಿಡಿಯೊಗಾಗಿ ಮಿಕ್ಸಿಂಗ್‌ನವರು ತೆರೆದಿಟ್ಟ ಸೆಷನ್‌ನದು 48. ಪರಿವರ್ತಿಸದೆ ಸೇರಿಸಿದ್ದರಿಂದ ಹಾಡು ಸುಮಾರು ಶೇ. 9ರಷ್ಟು ವೇಗವಾಯಿತು, ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಕಪ್ಪು ಒಂದರ ಶ್ರುತಿ ಏರಿ ಬಿಳಿ ಎರಡು ಮತ್ತು ಕಪ್ಪು ಎರಡರ ನಡುವೆ ಎಲ್ಲೋ ನಿಂತಿತು. ಗಾಯಕರು ಕೇಳಿದ ಕೂಡಲೇ ಹಿಡಿದರು.

ಒಮ್ಮೆ ಪೂರ್ತಿ ಹಣ ಕೊಟ್ಟು ಕೊಂಡರೆ ನಿಶ್ಚಿಂತೆ ಎಂದೂ ಹೇಳಲಾರೆ. ಸೋನಾರ್ ಎಂಬ ಇಂಥದೇ ತಂತ್ರಾಂಶವನ್ನು ಗಿಬ್ಸನ್ ಸಂಸ್ಥೆ 2017ರ ನವೆಂಬರ್‌ನಲ್ಲಿ ಕೈಬಿಟ್ಟಿತು. ಮರುವರ್ಷ ಬ್ಯಾಂಡ್‌ಲ್ಯಾಬ್ ಎಂಬ ಸಂಸ್ಥೆ ಎತ್ತಿಕೊಳ್ಳದಿದ್ದರೆ ಅದನ್ನು ನಂಬಿದ್ದವರ ಗತಿ ಏನಾಗುತ್ತಿತ್ತೋ. ಆದ್ದರಿಂದ ಪರೀಕ್ಷಾ ಅವಧಿಯಲ್ಲಿಯೇ ಎರಡು ನಿಮಿಷದ ಹಾಡೊಂದನ್ನು ಮುದ್ರಿಸಿ, ತುಂಡರಿಸಿ, ಎಲ್ಲ ಟ್ರ್ಯಾಕ್‌ಗಳನ್ನೂ ಹೊರತೆಗೆದು ಬೇರೆ ತಂತ್ರಾಂಶವಿರುವ ಗೆಳೆಯರ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಚಂದಾ ನಿಂತ ಮೇಲೆ ಹಳೆಯ ಪ್ರಾಜೆಕ್ಟ್‌ಗಳನ್ನು ಕನಿಷ್ಠ ತೆರೆದು ಹೊರತೆಗೆಯಲಾದರೂ ಬಿಡುತ್ತದೆಯೇ ಎಂದು ಹಣ ಕಟ್ಟುವ ಮುನ್ನ ಬರಹದಲ್ಲಿಯೇ ಕೇಳಿ ಪಡೆಯಿರಿ.

ಸ್ಟುಡಿಯೊದಲ್ಲಿ ಕಾದಿರಿಸಿದ್ದ ಎರಡು ದಿನಗಳ ಮುಂಗಡ ನನಗೆ ಮರಳಿ ಬರಲಿಲ್ಲ. ಆ ಮೊತ್ತದಲ್ಲಿ ರೀಪರ್‌ನ ಎರಡು ಪರವಾನಗಿ ಬರುತ್ತಿದ್ದವು.